ಒಂದೇ ಕಾಂಪೌಂಡು, ಎರಡು ಬೋರ್ಡು

ಕೊಪ್ಪಳ ಜಿಲ್ಲೆಯ ಒಂದು ಊರು. ಅಲ್ಲಿ ಒಂದೇ ಕಾಂಪೌಂಡಿನೊಳಗೆ ಎರಡು ಸರ್ಕಾರಿ ಶಾಲೆಗಳಿವೆ. ಗೇಟು ಒಂದೇ, ಬೋರ್ಡು ಎರಡು: ಒಂದು ಕನ್ನಡ ಮಾಧ್ಯಮ, ಇನ್ನೊಂದು ಉರ್ದು ಮಾಧ್ಯಮ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಬೇರೆ ಬೇರೆ ನಿಲ್ಲುತ್ತಾರೆ. ಬಿಸಿಯೂಟಕ್ಕೆ ಮಾತ್ರ ಅಡುಗೆ ಕೋಣೆ ಒಂದೇ. ನಾನು ಹೋದ ದಿನ ಮೊಟ್ಟೆಯ ಸರದಿ. ಮೊಟ್ಟೆ ತಿನ್ನದ ಒಬ್ಬ ಹುಡುಗಿ ತನಗೆ ಕೊಟ್ಟ ಬಾಳೆಹಣ್ಣನ್ನು ಮುರಿದು ಅರ್ಧವನ್ನು ಪಕ್ಕದವಳ ತಟ್ಟೆಗೆ ಹಾಕಿದಳು. ಕೊಟ್ಟವಳು ಕನ್ನಡ ಸಾಲಿಯವಳು, ಇಸಕೊಂಡವಳು ಉರ್ದು ಸಾಲಿಯವಳು. ಗಂಟೆ ಹೊಡೆಯಿತು, ಇಬ್ಬರೂ ಎದ್ದು ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಓಡಿದರು.

ಈ ಭಾಗದ ಮಕ್ಕಳು ಹೀಗೆ ಎರಡು ಕಡೆ ಓಡತೊಡಗಿದ್ದು ಯಾವಾಗ ಎಂದು ಹುಡುಕಿದರೆ, ಧರ್ಮಕ್ಕಿಂತ ಮೊದಲು ಭಾಷೆ ಎದುರಾಗುತ್ತದೆ.

1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕ ತೆಗೆದು ಮದ್ರಾಸಿಗೆ ವರದಿ ಕಳಿಸಿದ. ಆಗ ಈಗಿನ ಅನಂತಪುರದ ಸೀಮೆಯೂ ಬಳ್ಳಾರಿಗೇ ಸೇರಿತ್ತು. 533 ಶಾಲೆಗಳು, 6,641 ಮಕ್ಕಳು. ಅವರಲ್ಲಿ 6,398 ಹಿಂದೂಗಳು, 243 ಮುಸ್ಲಿಮರು. ಹುಡುಗಿಯರು ಬರೀ 60, ಒಬ್ಬಳೂ ಮುಸ್ಲಿಂ ಹುಡುಗಿಯಿಲ್ಲ. 235 ಶಾಲೆಗಳಲ್ಲಿ ಕನ್ನಡ, 226ರಲ್ಲಿ ತೆಲುಗು, 23ರಲ್ಲಿ ಮರಾಠಿ, 21ರಲ್ಲಿ ಪಾರಸಿ. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯದಕ್ಕೆ ಸೊನ್ನೆ, ಮೂರನೆಯದಕ್ಕೆ ಮೆಲ್ಲಗೆ ಒಂದು ಏಟು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು. ಓದಿದಾಗ ಆ ಶಾಲೆ ಕಣ್ಣಿಗೆ ಕಟ್ಟುತ್ತದೆ. ಆದರೆ ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿರಲಿಲ್ಲ ಎಂಬುದೂ ಅದೇ ವರದಿಯ ಮಾತು. ಎಲ್ಲರೂ ಕೂಡಿ ಕಲಿಯುತ್ತಿದ್ದ ಚಿನ್ನದ ಕಾಲವೊಂದಿತ್ತು ಎಂದು ಹೇಳಿಕೊಳ್ಳಲು ಅಲ್ಲಿ ಆಧಾರವಿಲ್ಲ.

ರಾಯಚೂರು, ಕೊಪ್ಪಳದ ದಾರಿ ಬೇರೆ. ಇವು ನಿಜಾಮನ ಸೀಮೆ. ಆಡಳಿತ ಉರ್ದುವಿನಲ್ಲಿ, ಮೇಲಿನ ಓದೂ ಉರ್ದುವಿನಲ್ಲಿ. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲೇ ಕಲಿಸಿತು. ಹಾಗಾಗಿ ಓದಬೇಕೆಂದರೆ ಲಿಂಗಾಯತರ ಹುಡುಗನಿಗೂ ಬ್ರಾಹ್ಮಣರ ಹುಡುಗನಿಗೂ ಉರ್ದು ಬೇಕಿತ್ತು. ಈ ಭಾಗದ ಎಷ್ಟೋ ಹಿಂದೂ ಮನೆಗಳ ಅಜ್ಜಂದಿರು ಉರ್ದು ಪತ್ರಿಕೆ ಸರಾಗವಾಗಿ ಓದುತ್ತಿದ್ದುದು ಅದಕ್ಕೇ. ಮನೆಮಾತಾದ ಕನ್ನಡಕ್ಕೆ ಅಲ್ಲಿ ಜಾಗ ಸಿಗಲಿಲ್ಲ, ಆ ನೋವು ದೊಡ್ಡದು.

ವೈದ್ಯರೂ ಸಮಾಜ ಸುಧಾರಕರೂ ಆಗಿದ್ದ ಪಂಡಿತ ತಾರಾನಾಥರು 1920ರ ದಶಕದ ಆರಂಭದ ಹೊತ್ತಿಗೆ ರಾಯಚೂರಿನಲ್ಲಿ ಶಾಲೆ ಕಟ್ಟಿದ್ದು ಇಂಥ ಕಾಲದಲ್ಲಿ. ಹೆಸರು ಹಮ್‌ದರ್ದ್. ದರ್ದ್ ಎಂದರೆ ನೋವು; ನೋವಿನಲ್ಲಿ ಜೊತೆಯಾದವನು ಹಮ್‌ದರ್ದ್. ಕನ್ನಡದ ಮಕ್ಕಳಿಗೆಂದು ಕಟ್ಟಿದ ಶಾಲೆಗೆ ಪಾರಸಿ ಮೂಲದ ಹೆಸರು! ಎರಡೂ ಕಡೆಯವರು ತಮ್ಮದೆನ್ನಬಹುದಾದ ಹೆಸರು ಅದು. ನಮ್ಮ ಭಾಗದ ಕೂಡು ಶಾಲೆಗಳ ಕಥೆಯನ್ನು ನಾನು ಯಾವಾಗಲೂ ಇಲ್ಲಿಂದಲೇ ಹೇಳುತ್ತೇನೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಬಳ್ಳಾರಿ 1953ರಲ್ಲೇ ಬಂದಿತ್ತು. ಶಾಲೆಗೆ ಕನ್ನಡ ಬಂತು, ಬರಲೇಬೇಕಿತ್ತು. ಆದರೆ ಅದರ ಜೊತೆಗೆ ಯಾರೂ ಯೋಚಿಸಿರದ ಇನ್ನೊಂದೂ ಆಯಿತು. ನಿನ್ನೆಯವರೆಗೆ ಎಲ್ಲರೂ ಕಲಿಯಬೇಕಿದ್ದ ಉರ್ದು ಒಂದು ಸಮುದಾಯದ ಗುರುತಾಯಿತು. ಮಾಧ್ಯಮ ಬೇರೆಯಾದಂತೆ ಮಕ್ಕಳೂ ಬೇರೆಯಾದರು.

ಉರ್ದು ಶಾಲೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಿ ಎನ್ನುತ್ತದೆ ಸಂವಿಧಾನದ 350ಎ ವಿಧಿ. ತಮ್ಮ ಸಂಸ್ಥೆ ಕಟ್ಟಿಕೊಳ್ಳುವ ಹಕ್ಕನ್ನು ಅಲ್ಪಸಂಖ್ಯಾತರಿಗೆ 30ನೇ ವಿಧಿ ಕೊಟ್ಟಿದೆ. ಮನೆ ಹತ್ತಿರ ಉರ್ದು ಶಾಲೆ ಇದೆ ಎಂಬ ಕಾರಣಕ್ಕೇ ಓದಿದ ಹುಡುಗಿಯರನ್ನು ನಾನು ಬಲ್ಲೆ. ಕ್ಯಾಂಪ್‌ಬೆಲ್‌ನ ಲೆಕ್ಕದಲ್ಲಿ ಒಬ್ಬಳೂ ಇರದಿದ್ದವರು ಅವರು.

ನನ್ನ ಚಿಂತೆ ಬೇರೆ ಕಡೆಗಿದೆ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಓಣಿಯ ಎಲ್ಲ ಮಕ್ಕಳೂ ಓಣಿಯ ಶಾಲೆಗೇ ಹೋಗಲಿ ಎಂದಿತ್ತು. ಅದು ಆಗಲಿಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದವರ ಮಕ್ಕಳು ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿದರು. ಅಲ್ಲೂ ಎಷ್ಟೋ ಕಡೆ ಅವರವರ ಸಮುದಾಯದವರು ಕಟ್ಟಿದ ಸಂಸ್ಥೆಗೇ ಅವರವರ ಮಕ್ಕಳು. ಉಳಿದ ಸರ್ಕಾರಿ ಶಾಲೆಯಲ್ಲಿ ಮಾಸ್ತರರ ಹುದ್ದೆ ಖಾಲಿ. ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಒಂದೇ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಊರಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವುದಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಕೂಡಿಸಲು ಬರುತ್ತದೆ ಎಂಬುದಕ್ಕೆ ಅಡುಗೆ ಕೋಣೆಯೇ ಸಾಕ್ಷಿ. 2002ರಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂದಾಗ ವಿರೋಧವೂ ಬಂತು. ತಿನ್ನದವರಿಗೆ ಬಾಳೆಹಣ್ಣು ಕೊಟ್ಟರು, ಪಂಕ್ತಿ ಒಡೆಯಲಿಲ್ಲ.

ಕನ್ನಡ ಮಾಧ್ಯಮದ ಶಾಲೆಗೆ ಒಂದು ಉರ್ದು ಶಿಕ್ಷಕರ ಹುದ್ದೆ ಕೊಡಲಿ. ಆಗ ಮಗಳಿಗೆ ಉರ್ದು ಬೇಕೆನ್ನುವ ತಾಯಿ ಶಾಲೆಯನ್ನೇ ಬದಲಿಸಬೇಕಿಲ್ಲ. ಉರ್ದು ಶಾಲೆಗೆ ಒಳ್ಳೆಯ ಕನ್ನಡ ಮಾಸ್ತರರನ್ನು ಕೊಡಲಿ. ಕನ್ನಡ ಕಲಿಸಲೇಬೇಕೆಂಬ ಕಾಯ್ದೆ 2015ರಿಂದಲೇ ಇದೆ. ಒಂದೇ ಕಾಂಪೌಂಡಿನಲ್ಲಿರುವ ಶಾಲೆಗಳಲ್ಲಿ ಪ್ರಾರ್ಥನೆ, ಆಟದ ಪಿರಿಯಡ್, ಲೈಬ್ರರಿ ಒಂದೇ ಆಗಲು ಹೊಸ ಕಟ್ಟಡ ಬೇಕಿಲ್ಲ. ಎರಡೂ ಕಡೆಯ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಒಂದು ಸಂಜೆ ಕೂತು ಮಾತಾಡಿದರೆ ಮುಂದಿನ ಸೋಮವಾರದಿಂದಲೇ ಶುರು ಮಾಡಬಹುದು.