ಕೆಳಪಟ್ಟಿ ಕಟ್ಟದ ಲೈಫ್ ಜಾಕೆಟ್

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಶಿವಮೊಗ್ಗ ಜಿಲ್ಲೆಯ ತಲಕಳಲೆ, ಹೊನ್ನೆಮರಡು, ಸಕ್ರೆಬೈಲಿನ ಹಿನ್ನೀರಿಗೆ ಮಕ್ಕಳನ್ನು ಕಟ್ಟಿಕೊಂಡು ಜನ ಬರುತ್ತಾರೆ. ಬರಲಿ, ನೀರು ಕಂಡ ಮಕ್ಕಳ ಮುಖ ನೋಡುವುದೇ ಒಂದು ಸಂತೋಷ. ಸಹಿಸಲಾಗದ್ದು ಒಂದೇ: ಆರು ವರ್ಷದ ಮಗುವಿಗೆ ಅಪ್ಪನ ಅಳತೆಯ ಲೈಫ್ ಜಾಕೆಟ್ ಏರಿಸಿ, ಮೇಲಿನ ಒಂದು ಬಕಲ್ ಒತ್ತಿ, ಕಾಲುಗಳ ನಡುವಿನ ಕೆಳಪಟ್ಟಿಯನ್ನು ಜೋತುಬಿಟ್ಟು, 'ಹಾಕಿದೀವಲ್ಲ ಮಾರಾಯ್ರೆ, ಐದು ನಿಮಿಷದ ಸುತ್ತು ಅಷ್ಟೆ' ಎನ್ನುವುದು.

ಆ ಜಾಕೆಟ್ ನೀರಿನಲ್ಲಿ ಏನು ಮಾಡುತ್ತದೆ ಎಂದು ಯೋಚಿಸಿ. ಒಳಗಿನ ಫೋಮ್ ಮೇಲಕ್ಕೆ ಎಳೆಯುತ್ತದೆ, ಮಗುವಿನ ಮೈ ಕೆಳಕ್ಕೆ ಜಾರುತ್ತದೆ. ಅದನ್ನು ತಡೆದು ಹಿಡಿಯುವಷ್ಟು ಅಗಲ ಭುಜ ಮಕ್ಕಳಿಗಿಲ್ಲ. ಗಾಬರಿಗೆ ಮಗು ಎರಡೂ ಕೈ ಎತ್ತಿತೋ, ಬನಿಯನ್ ಕಳಚಿದಷ್ಟೇ ಸಲೀಸಾಗಿ ಜಾಕೆಟ್ ತಲೆಯ ಮೇಲಿಂದ ಹೋಗುತ್ತದೆ. ಹೋಗದಿದ್ದರೂ ಕುತ್ತಿಗೆಯ ಭಾಗ ಮೂಗಿನವರೆಗೆ ಏರಿ ನಿಲ್ಲುತ್ತದೆ. ಇದನ್ನು ತಡೆಯಲೆಂದೇ ಎರಡು ತೊಡೆಗಳ ನಡುವೆ ಹಾದು ಮುಂದೆ ಸಿಕ್ಕಿಸುವ ಪಟ್ಟಿ ಇರುವುದು. ಮಗು ಕಿರಿಕಿರಿ ಎಂದು ಅತ್ತರೂ ಕಟ್ಟಿ.

ಮೊದಲು ಒಳಗಿನ ಲೇಬಲ್ ನೋಡಿ. ವಯಸ್ಸು ಬಿಡಿ, ಎಷ್ಟು ಕಿಲೋ ತೂಕದವರಿಗೆ ಎಂದು ಬರೆದಿದೆ ಎಂಬುದು ಮುಖ್ಯ. ತೇಲಿಸುವ ಬಲವನ್ನು ನ್ಯೂಟನ್‌ನಲ್ಲಿ ಬರೆದಿರುತ್ತಾರೆ; 50 ನ್ಯೂಟನ್ ದರ್ಜೆಯದು ಈಜು ಬಲ್ಲವರಿಗೆ. ಈಜು ಬಾರದ ಮಗುವಿಗೆ 100 ಅಥವಾ ಅದಕ್ಕೂ ಮೇಲಿನದು, ತಲೆಗೆ ಆಸರೆ ಕೊಡುವ ಕಾಲರ್ ಇರುವಂಥದು ಬೇಕು. ಫೋಮನ್ನು ಹೆಬ್ಬೆರಳಿನಿಂದ ಅದುಮಿ. ಮತ್ತೆ ಉಬ್ಬದೆ ತಗ್ಗಾಗಿಯೇ ಉಳಿದರೆ ಬೇರೆ ಕೇಳಿ. ಎಲ್ಲ ಬಕಲ್‌ಗಳನ್ನೂ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ. ಕೊನೆಗೆ ಜಾಕೆಟ್‌ನ ಎರಡೂ ಭುಜ ಹಿಡಿದು ಮಗುವನ್ನು ನೆಲದಿಂದ ಸ್ವಲ್ಪ ಎತ್ತಿ. ಜಾಕೆಟ್ ಮೇಲೇರಿ ಗದ್ದವನ್ನೋ ಕಿವಿಯನ್ನೋ ಮುಟ್ಟಿದರೆ ಅದು ಆ ಮಗುವಿನ ಜಾಕೆಟ್ ಅಲ್ಲ. ಮಕ್ಕಳ ಅಳತೆಯದು ಇದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಇಲ್ಲ ಎಂದರೆ ಆ ದಿನ ದೋಣಿ ಬೇಡ, ದಡದಲ್ಲೇ ಮಂಡಕ್ಕಿ ತಿಂದು ಬನ್ನಿ.

ಜಾಕೆಟ್ ಹಾಕಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪಿತು ಎಂದು ಯಾರೂ ಹೇಳಲಾರರು. ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಮುಳುಗಿದ್ದ ಮರದ ಬೊಡ್ಡೆಗಳು ನೀರಿನ ಮಟ್ಟಕ್ಕೇ ಬಂದಿರುತ್ತವೆ. ಮೇ ತಿಂಗಳ ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಗಾಳಿ ಏಳಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಬೆಳಗ್ಗೆಯೇ ಹೋಗಿ. ತೆಪ್ಪದಲ್ಲಾದರೆ ಎಲ್ಲರೂ ತಳದಲ್ಲಿ ಸುತ್ತ ಸಮನಾಗಿ ಕೂರಬೇಕು. ಫೋಟೋಕ್ಕೆಂದು ಒಂದೇ ಬದಿಗೆ ವಾಲಿದರೆ ಮಗುಚುತ್ತದೆ.

ಇನ್ನು ಹೊಳೆ ಸ್ನಾನ. ತುಂಗೆಯಲ್ಲಿ ಮೊಣಕಾಲುದ್ದ ನೀರಿನಿಂದ ಒಂದೇ ಹೆಜ್ಜೆಗೆ ಮರಳು ತೆಗೆದ ಗುಂಡಿ ಸಿಗಬಹುದು. ದೊಡ್ಡವರು ನೀರು ಹರಿದು ಹೋಗುವ ಕಡೆಗೆ, ಮಗು ಕೈಗೆ ಸಿಗುವಷ್ಟು ಹತ್ತಿರ ನಿಲ್ಲಬೇಕು. ಗಾಳಿ ತುಂಬಿದ ಟ್ಯೂಬು ನಂಬಬೇಡಿ, ಅದು ಮಗುಚಿದರೆ ಕಾಲು ಮೇಲೆ, ತಲೆ ಕೆಳಗೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ನೋಡುವವರಿಗೆ ಆಡುತ್ತಿರುವ ಹಾಗೇ ಕಾಣುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಯಿತೆಂದರೆ ತಿರುಗಿ ನೋಡಿ.

ಮೇಲೆತ್ತಿದ ಮಗು ಉಸಿರಾಡದಿದ್ದರೆ ಕಾಲು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಸಮಯವೂ ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೂ ಇಳಿಯಬಹುದು. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಏಳುವಂತೆ ಐದು ಸಲ ಬಾಯಿಂದ ಉಸಿರು ಕೊಡಲಿ. ಆಮೇಲೂ ಚಲನೆ ಇಲ್ಲದಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಉಸಿರು ಕೊಟ್ಟು, ಆಂಬುಲೆನ್ಸ್ ಬರುವವರೆಗೂ ಹಾಗೇ ಮುಂದುವರಿಸಿ. ಮಗು ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತೋರಿಸಿಯೇ ಮನೆಗೆ ಕರೆದುಕೊಂಡು ಹೋಗಿ.