ಪದ ಪರಿಚಯ: ಇಂಧನ ನ್ಯಾಯ

ಕಲ್ಲಿದ್ದಲು ಬಿಟ್ಟು ಸೋಲಾರ್, ಗಾಳಿ ವಿದ್ಯುತ್ತಿನ ಕಡೆ ಹೋಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಇದರ ಲಾಭ ಯಾರ ಮನೆ ಸೇರುತ್ತದೆ? ಕಷ್ಟ ಯಾರ ತಲೆ ಮೇಲೆ ಬೀಳುತ್ತದೆ? ತೀರ್ಮಾನ ಮಾಡುವಾಗ ಯಾರನ್ನು ಕೇಳುತ್ತಾರೆ? ಇವನ್ನು ಕೇಳಿ ಉತ್ತರ ಪಡೆಯುವುದೇ ಇಂಧನ ನ್ಯಾಯ.

ಇದರ ಬೇರು ಅಮೆರಿಕದ ಕಪ್ಪು ಜನರ ಹೋರಾಟದಲ್ಲಿದೆ. 1982ರಲ್ಲಿ ನಾರ್ತ್ ಕೆರೊಲಿನಾದ ವಾರೆನ್ ಕೌಂಟಿಗೆ ಪಿಸಿಬಿ ಎಂಬ ವಿಷ ಸೇರಿದ ಮಣ್ಣು ತಂದು ಸುರಿಯಲು ಸರ್ಕಾರ ಹೊರಟಿತು. ಬಡವರು, ಅದರಲ್ಲೂ ಕಪ್ಪು ಜನರೇ ಜಾಸ್ತಿ ಇದ್ದ ಜಾಗ. ಜನ ರಸ್ತೆಗೆ ಅಡ್ಡ ಮಲಗಿದರು. ಪೊಲೀಸರು 500ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಲಾರಿಗಳು ನಿಲ್ಲಲಿಲ್ಲ, ಆದರೆ ಕೊಳಕೆಲ್ಲ ನಮ್ಮೂರಿಗೇ ಯಾಕೆ ಎಂಬ ಪ್ರಶ್ನೆ ದೇಶವನ್ನೆಲ್ಲ ಮುಟ್ಟಿತು. ಬೆಂಗಳೂರಿನ ಕಸ ಹೊತ್ತ ಮಾವಳ್ಳಿಪುರ, ಮಂಡೂರಿನವರಿಗೂ ಈ ಪ್ರಶ್ನೆ ಗೊತ್ತು.

ಸೋಲಾರ್ ಬಂದರೆ ಹೊಗೆ ಇಲ್ಲ, ಕೊಳಕಿಲ್ಲ, ಅನ್ಯಾಯವೂ ಹೋಗುತ್ತದೆ ಅನ್ನಿಸಬಹುದು. ಹಾಗಾಗಲಿಲ್ಲ. 2019ರಲ್ಲಿ ಅಮೆರಿಕದ ಸಂಶೋಧಕರು ಒಂದೇ ಮಟ್ಟದ ಆದಾಯವಿರುವ ಬಡಾವಣೆಗಳನ್ನು ಹೋಲಿಸಿ ನೋಡಿದರು. ಯಾವ ಜನಾಂಗವೂ ಬಹುಸಂಖ್ಯಾತವಲ್ಲದ ಕಡೆಗೆ ಹೋಲಿಸಿದರೆ, ಕಪ್ಪು ಜನ ಹೆಚ್ಚಿರುವ ಕಡೆ ಚಾವಣಿ ಸೋಲಾರ್ ಶೇ. 69ರಷ್ಟು ಕಡಿಮೆ ಇತ್ತು. ಹಣವೊಂದೇ ಕಾರಣ ಅಲ್ಲ ಅಂತಾಯಿತು. ಇನ್ನೊಂದು ಕಾರಣ ಹಳೆಯದು. 1930ರ ದಶಕದಲ್ಲಿ ಕಪ್ಪು ಜನರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಿದರು, ಅಲ್ಲಿ ಮನೆ ಸಾಲ ಹುಟ್ಟುತ್ತಿರಲಿಲ್ಲ. ಸ್ವಂತ ಮನೆ ಇಲ್ಲದವರು ಪ್ಯಾನಲ್ ಹಾಕಿಸುವುದು ಎಲ್ಲಿ? ಆದರೆ ಸ್ವಂತ ಮನೆಯ ಲೆಕ್ಕ ಹಿಡಿದರೂ ಅಂತರ ಪೂರ್ತಿ ಮುಚ್ಚಲಿಲ್ಲ. ಬೀದಿಯಲ್ಲಿ ಮೊದಲು ಯಾರಾದರೂ ಹಾಕಿಸಿದರೆ ತಾನೇ ಪಕ್ಕದವರು ನೋಡಿ ಹಾಕಿಸುವುದು? ಆ ಮೊದಲನೆಯವರೇ ಅಲ್ಲಿ ಇರಲಿಲ್ಲ.

ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ ಇದೆ, ಜೊತೆಗೆ ಜಮೀನು ಇದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆ ಚಾವಣಿ ಸೋಲಾರಿಗೆ 78,000 ರೂಪಾಯಿವರೆಗೆ ಸಬ್ಸಿಡಿ ಕೊಡುತ್ತದೆ. ಬೆಂಗಳೂರಿನಲ್ಲಿ ಅದನ್ನು ಪಡೆಯುವುದು ಯಾರು? ಟೆರೇಸ್ ಇರುವ ಓನರ್. ಕೆಳಗಿನ ಒಂದು ರೂಮಿನ ಬಾಡಿಗೆಯವರಿಗೆ ಆ ಟೆರೇಸಿನಲ್ಲಿ ಬಟ್ಟೆ ಒಣಗಿಸಲೂ ಓನರ್ ಒಪ್ಪಿಗೆ ಬೇಕು. ಶೀಟ್ ಮನೆಯವರ ಮಾತು ಬಿಡಿ, ಆ ಶೀಟು ಪ್ಯಾನಲ್ ಭಾರ ತಡೆಯುವುದೇ ಕಷ್ಟ. ಮನೆಗೆಲಸದವರು, ಪೌರಕಾರ್ಮಿಕರು, ಅವರಲ್ಲೂ ಹೆಚ್ಚಾಗಿ ದಲಿತ ಕುಟುಂಬಗಳು, ಬದುಕುವುದು ಇಂಥ ಮನೆಗಳಲ್ಲೇ.

ತುಮಕೂರು ಜಿಲ್ಲೆಯ ಪಾವಗಡದ ಕಡೆ ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕಾಣದ ನೆಲದ ರೈತರಿಗೆ ಇದು ದೊಡ್ಡ ಆಸರೆ, ಜಮೀನು ಕೈತಪ್ಪಲೂ ಇಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಗುತ್ತಿಗೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ ಹೆಸರು ಪಹಣಿಯಲ್ಲಿಲ್ಲ. ಪಾರ್ಕಿಗೆ ಬೇಲಿ ಹಾಕಿದ ಮೇಲೆ ಕೂಲಿಯೂ ಹೋಯಿತು, ಕುರಿ ಮೇಯಿಸುವ ಜಾಗವೂ ಹೋಯಿತು. ಉಳಿದದ್ದು ಹುಲ್ಲು ಕತ್ತರಿಸುವ, ಪ್ಯಾನಲ್ ತೊಳೆಯುವ, ಗೇಟು ಕಾಯುವ ಒಂದಿಷ್ಟು ಕೆಲಸ. ಎಲ್ಲರಿಗೂ ಅದು ಸಿಗುವುದಿಲ್ಲ.

ಹಳೆಯ ಅಸಮಾನತೆ ಹೊಸ ಯೋಜನೆಯೊಳಗೆ ನುಸುಳುವುದು ಹೀಗೆ. ಯಾರೂ ಬೇಕಂತಲೇ ಹೊರಗಿಡಬೇಕಿಲ್ಲ. ಅರ್ಜಿಯಲ್ಲಿ 'ಮಾಲೀಕರ ಹೆಸರು' ಅಂತ ಒಂದು ಕಾಲಂ ಇದ್ದರೆ ಸಾಕು.

ಇದಕ್ಕೆ ದಾರಿಯೂ ಇದೆ. ಅಮೆರಿಕದ ಮಿನೆಸೋಟ ರಾಜ್ಯ 2013ರಲ್ಲೇ ಹಂಚಿಕೆ ಸೋಲಾರಿಗೆ ಕಾನೂನು ಮಾಡಿತು. ಪ್ಯಾನಲ್ ಊರಾಚೆ ಎಲ್ಲೋ ಇರುತ್ತದೆ, ಬಾಡಿಗೆ ಮನೆಯವರು ಅದರಲ್ಲಿ ಒಂದು ಪಾಲು ಪಡೆಯುತ್ತಾರೆ, ಆ ಪಾಲಿನ ವಿದ್ಯುತ್ತಿನ ಲೆಕ್ಕ ಅವರ ಬಿಲ್ಲಿನಲ್ಲಿ ಕಡಿತವಾಗುತ್ತದೆ. ಮನೆ ಬದಲಿಸಿದರೂ ಪಾಲು ಜೊತೆಗೆ ಬರುವಂತೆ ಮಾಡಬಹುದು. ಇನ್ನು ಸೋಲಾರ್ ಪಾರ್ಕಿನ ಗುತ್ತಿಗೆ ಪತ್ರದಲ್ಲಿ ಭೂರಹಿತ ಕೂಲಿ ಕುಟುಂಬಗಳಿಗೂ ವರ್ಷಕ್ಕಿಷ್ಟು ಅಂತ ಬರೆಯಬೇಕು. ಅದನ್ನು ಬರೆಯುವ ಸಭೆಯಲ್ಲಿ ಅವರೂ ಕೂತಿರಬೇಕು.