ಸಹಿ ಹಾಕಿದ ಕಾರ್ಡು, ಜೇಬಿನಲ್ಲಿಲ್ಲದ ಕಾಂಡೋಮ್

1994ರ ಜುಲೈನಲ್ಲಿ ವಾಷಿಂಗ್ಟನ್‌ನ ನ್ಯಾಷನಲ್ ಮಾಲ್ ಹುಲ್ಲಿನ ಮೇಲೆ ಎರಡು ಲಕ್ಷಕ್ಕೂ ಹೆಚ್ಚು ಪುಟ್ಟ ಕಾರ್ಡುಗಳನ್ನು ನೆಟ್ಟಿದ್ದರು. ಒಂದೊಂದರ ಮೇಲೂ ಹದಿಹರೆಯದ ಒಬ್ಬರ ಸಹಿ. ಮದುವೆಯವರೆಗೆ ಲೈಂಗಿಕ ಸಂಪರ್ಕವಿಲ್ಲ ಎಂದು ದೇವರಿಗೆ, ಮನೆಯವರಿಗೆ, ಮುಂದೆ ಕೈಹಿಡಿಯುವವರಿಗೆ, ಇನ್ನೂ ಹುಟ್ಟದ ಮಕ್ಕಳಿಗೂ ಕೊಟ್ಟ ಮಾತು ಅದು. ಅಮೆರಿಕದ ಕ್ರೈಸ್ತ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರು ಅದರ ಹಿಂದಿನ ವರ್ಷ ಆರಂಭಿಸಿದ ಈ ಅಭಿಯಾನದ ಹೆಸರು ‘ಟ್ರೂ ಲವ್ ವೇಟ್ಸ್’.

ಇನ್ನೆರಡು ವರ್ಷಕ್ಕೆ ಇದೇ ಧೋರಣೆ ಕಾಯ್ದೆಗೂ ಬಂತು. ಅಮೆರಿಕದ 1996ರ ವೆಲ್ಫೇರ್ ಸುಧಾರಣಾ ಕಾಯ್ದೆ ಸಂಯಮ ಬೋಧನೆಗೆ ವರ್ಷಕ್ಕೆ 5 ಕೋಟಿ ಡಾಲರ್ ಇಟ್ಟಿತು. ಕೇಂದ್ರದ ಪ್ರತಿ 4 ಡಾಲರಿಗೆ ರಾಜ್ಯ 3 ಡಾಲರ್ ಸೇರಿಸಬೇಕಿತ್ತು. ಮದುವೆಯಾಚೆಗಿನ ಸಂಬಂಧ ಮನಸ್ಸಿಗೂ ದೇಹಕ್ಕೂ ಹಾನಿ ತರುವ ಸಂಭವವಿದೆ ಎನ್ನುವುದು ಬೋಧನೆಯ ಅಂಶಗಳಲ್ಲೊಂದಾಗಿತ್ತು. ಕ್ಯಾಲಿಫೋರ್ನಿಯಾ ಈ ಹಣವನ್ನೇ ಮುಟ್ಟಲಿಲ್ಲ.

ಪ್ರತಿಜ್ಞೆ ಫಲ ಕೊಟ್ಟಿತೇ? 2001ರ ಅಧ್ಯಯನವೊಂದರಲ್ಲಿ ಪ್ರತಿಜ್ಞೆ ಮಾಡಿದವರ ಮೊದಲ ಸಂಪರ್ಕ ಸರಾಸರಿ 18 ತಿಂಗಳು ತಡವಾಗಿತ್ತು. ಆದರೆ ಸಹಿ ಹಾಕುವ ಮಕ್ಕಳು ಮೊದಲೇ ದೈವಭಕ್ತರು. ತಡವಾದದ್ದು ಕಾರ್ಡಿನಿಂದಲೋ ಭಕ್ತಿಯಿಂದಲೋ ಎಂದು ಬೇರ್ಪಡಿಸಬೇಕಲ್ಲ. 2009ರಲ್ಲಿ ಸಂಶೋಧಕಿ ಜೇನೆಟ್ ರೋಸೆನ್‌ಬಾಮ್ ಆ ಕೆಲಸ ಮಾಡಿದರು. ಅಷ್ಟೇ ಭಕ್ತಿ, ಅಂಥದೇ ಮನೋಭಾವವಿದ್ದೂ ಸಹಿ ಹಾಕದವರನ್ನು ಎದುರಿಗಿಟ್ಟು ನೋಡಿದಾಗ, ಐದು ವರ್ಷದ ನಂತರ ಲೈಂಗಿಕ ನಡವಳಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಪ್ರತಿಜ್ಞೆ ಮಾಡಿದವರಲ್ಲಿ 82% ಮಂದಿ ತಾವು ಪ್ರತಿಜ್ಞೆಯನ್ನೇ ಮಾಡಿಲ್ಲ ಎಂದರು. ವ್ಯತ್ಯಾಸ ಕಂಡದ್ದು ಗರ್ಭನಿರೋಧಕದಲ್ಲಿ: ಅವರು ಬಳಸಿದ್ದು ಕಡಿಮೆ.

ನನಗೆ ಮುಖ್ಯವಾಗಿ ಕಾಣುವುದು ಇದೇ. ಮೈಮರೆತು ಜಾರಿದರೆ ಪಶ್ಚಾತ್ತಾಪವಿದೆ, ಕ್ಷಮೆಯಿದೆ. ಜೇಬಿನಲ್ಲಿ ಕಾಂಡೋಮ್ ಇಟ್ಟುಕೊಂಡರೆ ಪಾಪಕ್ಕೆ ಮೊದಲೇ ಸಿದ್ಧವಾದಂತೆ. ಹಾಗಾಗಿ ಭಕ್ತಿಯುಳ್ಳ ಮಗುವೇ ಬರಿಗೈಯಲ್ಲಿರುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆ ಲೆವೊನೊರ್ಜೆಸ್ಟ್ರೆಲ್ ಅನ್ನು ಸಂಪರ್ಕವಾದ 72 ಗಂಟೆಯೊಳಗೆ, ಆದಷ್ಟು ಬೇಗ ನುಂಗಬೇಕು. ಅಮ್ಮನಿಗೆ ಹೇಗೆ ಹೇಳುವುದೆಂಬ ನಾಚಿಕೆಯಲ್ಲೇ ಆ ಮೂರು ದಿನ ಕಳೆದುಹೋಗಬಹುದು.

ಇನ್ನೊಂದು ಅನ್ಯಾಯ ಲೆಕ್ಕದ್ದು. ಸರಿಯಾಗಿ ಬಳಸಿದರೆ ವರ್ಷಕ್ಕೆ 2% ವಿಫಲವಾಗುವ ಕಾಂಡೋಮ್, ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ 13% ವಿಫಲವಾಗುತ್ತದೆ: ತಡವಾಗಿ ಹಾಕುವುದು, ಬೇಗ ತೆಗೆಯುವುದು, ಎಣ್ಣೆ ತಾಗಿ ಲೇಟೆಕ್ಸ್ ಹರಿಯುವುದು, ಕೆಲವೊಮ್ಮೆ ಹಾಕದೇ ಇರುವುದು. ಸಂಯಮಕ್ಕೆ ಮಾತ್ರ ‘100%’ ಎನ್ನುತ್ತಾರೆ. ಮುರಿದ ಮಾತು ಆ ಲೆಕ್ಕಕ್ಕೆ ಸೇರುವುದಿಲ್ಲ. ಕಾಂಡೋಮ್ ಹಾಕುವ ವಿಧಾನವನ್ನು ತೋರಿಸಿಕೊಡಬಾರದೆಂದು ಮಿಸಿಸಿಪಿ 2011ರಲ್ಲಿ ಶಾಲೆಗಳಿಗೆ ಕಾನೂನನ್ನೇ ಮಾಡಿತು.

ಧರ್ಮವೆಂದರೆ ಇಷ್ಟೇ ಎನ್ನಲಾಗದು. ಅಮೆರಿಕದ ಉದಾರ ಧಾರ್ಮಿಕ ಪಂಗಡಗಳಾದ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಮತ್ತು ಯುನಿಟೇರಿಯನ್ ಯೂನಿವರ್ಸಲಿಸ್ಟರು ಸೇರಿ ರೂಪಿಸಿದ ‘ಅವರ್ ಹೋಲ್ ಲೈವ್ಸ್’ ಪಠ್ಯದಲ್ಲಿ ಸಂಯಮವೂ ಗರ್ಭನಿರೋಧಕವೂ ಒಟ್ಟಿಗೇ ಇವೆ. ಅದನ್ನು ಕಲಿಸುವುದೂ ಚರ್ಚಿನ ಕೋಣೆಯಲ್ಲೇ.